ಒಟಿ 27 ಅಂದ್ರೆ 27 ಪರ್ಸೆಂಟ್ ಅಲ್ಲ

ನಾನು ಸಿದ್ದಾಪುರದ ಹತ್ರ ಮನೇಲೇ ಕೂತು ಬೆಂಗಳೂರಿನ ಒಂದು ಕಂಪನಿಗೆ ಕೋಡ್ ಬರೆಯೋನು, ಹನ್ನೊಂದು ವರ್ಷ ಆಯ್ತು. 2022ರಲ್ಲಿ ಕೋಪೈಲಟ್ ಅನ್ನೋ ಎಐ ಟೂಲ್ ಎಲ್ಲರ ಕೈಗೆ ಸಿಕ್ಕಾಗ ಅರ್ಧ ಬರೆದ ಸಾಲು ಮುಗಿಸಿಕೊಡೋ ಆಟಿಕೆ ಅನ್ಕೊಂಡಿದ್ದೆ. ಈಗ ಎಐ ಏಜೆಂಟಿಗೆ, ಅಂದ್ರೆ ಹೇಳಿದ್ದನ್ನ ಕೇಳಿ ತಾನೇ ಕೋಡ್ ಬರೆಯೋ ಟೂಲ್‌ಗೆ, ನಾಲ್ಕು ಮಾತು ಹೇಳಿ ಎದ್ದುಹೋಗಿ ಒಂದು ಲೋಟ ಕಾಫಿ ಕುಡಿದು ಬರೋಷ್ಟರಲ್ಲಿ ಹತ್ತು ಫೈಲ್ ತಿದ್ದಿ, ಕೋಡ್ ಸರಿಯಿದ್ಯಾ ಅಂತ ನೋಡೋ ಟೆಸ್ಟೂ ಓಡಿಸಿ ಇಟ್ಟಿರುತ್ತೆ. ಬರೆಯೋದು ಕಮ್ಮಿ ಆಗಿ ಓದೋದೇ ಕೆಲಸ ಆಗೋಗಿದೆ, ಬೇರೆಯವರ ಕೋಡ್ ಓದೋದಂತೂ ನಂಗೆ ಮೊದಲಿಂದ್ಲೂ ಬೇಜಾರು.

ನನ್ನ ಕಣ್ಣು ತೆರೆಸಿದ್ದು ಆಫೀಸ್ ಕೆಲಸ ಅಲ್ಲ, ಮಾವನ ಕೆಲಸ. ಅವರು ಕಾಫಿ ವ್ಯಾಪಾರ ಮಾಡ್ತಾರೆ, ಸೀಸನ್ನಲ್ಲಿ ರೊಬಸ್ಟಾ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತಗೊಂಡು ಬಿಲ್ಲೆಲ್ಲ ಪುಸ್ತಕದಲ್ಲೇ ಬರೀತಿದ್ರು. ಒಂದು ಆ್ಯಪ್ ಮಾಡ್ಕೊಡ್ತೀನಿ ಮಾವ ಅಂತ ಧೈರ್ಯವಾಗಿ ಹೇಳ್ಬಿಟ್ಟೆ. ಚೆರಿ ರೇಟು ಒಟಿ (ಔಟ್‌ಟರ್ನ್) ಮೇಲೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. 50 ಕೆಜಿ ಮೂಟೆ ಚೆರಿ ಹಲ್ ಮಾಡಿ ಸಿಪ್ಪೆ ತೆಗೆದ್ರೆ ಎಷ್ಟು ಕೆಜಿ ಬೇಳೆ ಬರುತ್ತೋ ಅದೇ ಒಟಿ, ಅಂದ್ರೆ ಒಟಿ 27 ಇದ್ದು ಒಂದು ಪಾಯಿಂಟಿಗೆ, ಅಂದ್ರೆ ಒಂದು ಕೆಜಿ ಬೇಳೆಗೆ, 400 ರೂಪಾಯಿ ಅಂತ ಇಟ್ಕೊಂಡ್ರೆ ಮೂಟೆಗೆ 10,800. ನಾನು ಏಜೆಂಟಿಗೆ ಇದನ್ನ ಬಿಡಿಸಿ ಹೇಳ್ಲೇ ಇಲ್ಲ, ಒಟಿ ಪ್ರಕಾರ ಲೆಕ್ಕ ಹಾಕು ಅಂದೆ ಅಷ್ಟೇ. ಅದು ಒಟಿನ ಪರ್ಸೆಂಟ್ ಅಂತ ತಿಳ್ಕೊಂಡು 50 ಕೆಜಿಲಿ 27 ಪರ್ಸೆಂಟ್ ಅಂದ್ರೆ ಹದಿಮೂರುವರೆ ಕೆಜಿ ಅಂತ ಹಿಡಿದು ಮೂಟೆಗೆ 5,400 ಮಾಡ್ತು. ಟೆಸ್ಟ್ ಬರೆದಿದ್ದೂ ಅದೇ ಅಲ್ವಾ, ಟೆಸ್ಟಲ್ಲೂ 5,400 ಸರಿ ಅಂತಾನೇ ಇತ್ತು, ಎಲ್ಲ ಹಸಿರು, ಅಂದ್ರೆ ಪಾಸ್. ನಾನು ಸುಮ್ನೆ ಮೇಲ್ಮೇಲೆ ಕಣ್ಣಾಡಿಸಿ, ಕೋಡ್ ನೀಟಾಗಿದೆ ಅಂತ ಖುಷಿ ಪಟ್ಟು ಮಾವನ ಫೋನಿಗೆ ಹಾಕ್ದೆ.

ಮಾವ ಮೊದಲ ಬಿಲ್ ನೋಡಿ, "ಇದು ಬೆಳೆಗಾರನಿಗೆ ಕೊಟ್ರೆ ನಾಳೆಯಿಂದ ನನ್ನ ಗೋಡೌನ್ ಕಡೆ ಯಾರೂ ತಲೆ ಹಾಕಲ್ಲ" ಅಂದ್ರು. ಒಂದು ಸೆಕೆಂಡ್ ಸಾಕಾಯ್ತು ಅವರಿಗೆ.

ಈಗ ನಾನು ಮಾಡೋದು ಇಷ್ಟು. ಮಾವನ ಹಳೇ ಪುಸ್ತಕದಿಂದ ಹತ್ತು ನಿಜವಾದ ಬಿಲ್ ತೆಗೆದು, ಟೆಸ್ಟ್ ನಾನೇ ಕೈಯಾರೆ ಬರೀತೀನಿ, ಆಮೇಲೆ ಕೋಡ್ ಅದು ಬರೀಲಿ, ಟೆಸ್ಟ್ ಫೈಲ್ ಮಾತ್ರ ಮುಟ್ಟಬೇಡ ಅಂತ ಹೇಳಿರ್ತೀನಿ. ಆಫೀಸಲ್ಲೂ ಇದೇ ಹಿಡಿದಿದೀನಿ. ನಿಧಾನ ಆಗಲ್ವಾ ಅಂತಾರೆ ಹುಡುಗ್ರು. ಆಗುತ್ತೆ. ಆದ್ರೆ 2025ರಲ್ಲಿ ಎಂಇಟಿಆರ್ ಅನ್ನೋ ಸಂಸ್ಥೆ 16 ಜನ ಅನುಭವಿ ಡೆವಲಪರ್‌ಗಳಿಗೆ ಅವರದೇ ಪ್ರಾಜೆಕ್ಟ್‌ಗಳ ಕೆಲಸ ಕೊಟ್ಟು ನೋಡಿದಾಗ, ಎಐ ಬಳಸಿದ ಕಡೆ ಟೈಮ್ 19 ಪರ್ಸೆಂಟ್ ಜಾಸ್ತಿನೇ ಹಿಡೀತು, ಅವರು ಮಾತ್ರ 20 ಪರ್ಸೆಂಟ್ ಬೇಗ ಮುಗಿಸಿದ್ವಿ ಅಂತ ನಂಬಿದ್ರು. ಟೂಲ್‌ಗಳು ಆಮೇಲೆ ಸುಧಾರಿಸಿವೆ, ಒಪ್ತೀನಿ, ಆದ್ರೆ ಆ ನಂಬಿಕೆ ಇದ್ಯಲ್ಲ, ಅದು ನಂಗೂ ಇತ್ತು.

ಇನ್ನೊಂದು ಹೇಳೋಕೆ ನಾಚಿಕೆ. ಜುಲೈ ಮಳೇಲಿ ಮರ ಬಿದ್ದು ಕೇಬಲ್ ಹೋಗಿ ಎರಡು ದಿನ ನೆಟ್ಟಿಲ್ಲ, ಹಾಗಾಗಿ ಏಜೆಂಟೂ ಇಲ್ಲ, ಇನ್ವರ್ಟರ್ ಇದ್ದಿದ್ರಿಂದ ಲ್ಯಾಪ್‌ಟಾಪ್ ಏನೋ ಆನ್ ಇತ್ತು, ಒಂದು ಚಿಕ್ಕ ಡೇಟ್ ಫಾರ್ಮ್ಯಾಟ್ ಬರೆಯೋಕೆ ಕೂತ್ರೆ ಕೈ ಓಡ್ಲಿಲ್ಲ. ವರ್ಷಗಟ್ಟಲೆ ಕಣ್ಮುಚ್ಕೊಂಡು ಬರೆದಿದ್ದದು! ಅವತ್ತಿಂದ ವಾರಕ್ಕೊಂದಿನ ಏಜೆಂಟ್ ಆಫ್ ಮಾಡಿ ಬರೀತೀನಿ.

ಮಾವ ಈಗ ತೋಟದ ಮಳೆ ಲೆಕ್ಕನೂ ಅದರಲ್ಲೇ ಹಾಕ್ಕೊಡು ಅಂತಿದಾರೆ. ನಮ್ಮಲ್ಲಿ ಮಳೆನೂ ಸೆಂಟಲ್ಲೇ, ಜಾಗನೂ ಸೆಂಟಲ್ಲೇ. ಈ ಸಲ ಫೈಲಿನ ಮೊದಲ ಸಾಲಲ್ಲೇ ಬರೆದಿಟ್ಟಿದೀನಿ: ಇಲ್ಲಿ 100 ಸೆಂಟ್ ಅಂದ್ರೆ ಒಂದು ಇಂಚು, ಒಂದು ಎಕರೆ ಅಲ್ಲ.