ಒಂದೇ ಒಂದು ಕಾಲಂ ಹಿಡ್ಕೊಂಡು ಡ್ರಗ್ಸ್ ಬಗ್ಗೆ ರಿಸರ್ಚ್ ಪ್ರಬಂಧ ಬರೆದೆ: ನನ್ನ ಅನುಭವ

ಪ್ರಬಂಧ ಮೂರನೇ ಸಲಕ್ಕೆ ಆಯ್ತು. ಕಾಲಂ ಅಂದ್ರೆ ಪೇಪರ್ ಅಂಕಣ ಅಲ್ಲ, ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆ ಪಟ್ಟೀಲಿದ್ದ "ಹುಚ್ಚಿಗೆ ಕಾರಣ" ಅನ್ನೋ ಕಾಲಂ. ಮೊದಲನೇದಕ್ಕೆ 50ರ ಆಸುಪಾಸು ಮಾರ್ಕ್ಸ್ ಬಂದಿತ್ತು, ಎರಡನೇದು ಸಬ್ಮಿಟ್ಟೇ ಆಗ್ಲಿಲ್ಲ, ಮೂರನೇದಕ್ಕೆ 78. ಅದೂ "ನೂರಿಪ್ಪತ್ತು ನೂರಮೂವತ್ತು ವರ್ಷ ಹಳೇ ಸರ್ಕಾರಿ ವರದಿ ಇಟ್ಕೊಂಡು ಆರು ಸಾವಿರ ಪದ ಬರೀತೀಯಾ, ಹುಚ್ಚಾ ನಿಂಗೆ" ಅಂತ ಬ್ಯಾಚ್‌ನಲ್ಲಿ ಎಲ್ಲರೂ ನಕ್ಕಿದ್ದ ಐಡಿಯಾಗೆ. ಅದಕ್ಕೇ ಬರೀತಿದೀನಿ, ಸ್ವಲ್ಪ ಜಂಬ ಇದೆ, ಸಹಿಸ್ಕೊಳ್ಳಿ. ಲಿಟರೇಚರ್ ರಿವ್ಯೂ ಅಂದ್ರೇನು, ಸೈಟೇಶನ್ ಹೆಂಗೆ ಹಾಕ್ಬೇಕು ಅಂತೆಲ್ಲ ಹೇಳೋಕೆ ಹೋಗಲ್ಲ, ಇಲ್ಲಿತನಕ ಬಂದೋರಿಗೆ ಅದು ಗೊತ್ತಿರುತ್ತೆ.

ಮೊದಲನೇ ಸಲ ಎಲ್ಲರೂ ಮಾಡೋದನ್ನೇ ಮಾಡ್ದೆ. "ಜನ ಯಾಕೆ ಮಾದಕ ವಸ್ತು ತಗೋತಾರೆ" ಅನ್ನೋ ಪ್ರಶ್ನೆ ಇಟ್ಕೊಂಡು ದೊಡ್ಡೋರಿಗೆಲ್ಲ ತಲಾ ಒಂದು ಪುಟ ಹಂಚಿದೆ. ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್‌ಗೆ ಒಂದು ಪುಟ, ಅದೇ 1953ರ ಲೇಖನ, 50 ಜನ ಗಾಂಜಾ ಸೇದೋರನ್ನ ಮಾತಾಡ್ಸಿ ಅಮಲು ಅನ್ನೋದೂ ಕಲಿಯೋ ವಿದ್ಯೆನೇ, ಸೇದೋ ರೀತಿ ಕಲೀಬೇಕು, ಏರಿದ್ದನ್ನ ಗುರುತಿಸೋಕೆ ಕಲೀಬೇಕು, ಅದು ಸುಖ ಅಂತ ಒಪ್ಕೊಳ್ಳೋದನ್ನೂ ಕಲೀಬೇಕು ಅಂದಿದ್ದು. ಆಮೇಲೆ ಝಿನ್‌ಬರ್ಗ್‌ಗೆ ಒಂದು ಪುಟ, ಪರಿಣಾಮ ಬರೀ ವಸ್ತುವಿನಿಂದಲ್ಲ, ತಗೊಳ್ಳೋರ ಮನಸ್ಥಿತಿ, ಸುತ್ತಲಿನ ಪರಿಸರದಿಂದಲೂ ಬರುತ್ತೆ ಅಂದ ಮನೋವೈದ್ಯ. ವಿಯೆಟ್ನಾಂನಲ್ಲಿ ಹೆರಾಯಿನ್‌ಗೆ ಬಿದ್ದಿದ್ದ ಅಮೆರಿಕನ್ ಸೈನಿಕರಲ್ಲಿ ಬಹಳ ಜನ ಊರಿಗೆ ವಾಪಸ್ ಬಂದ್ಮೇಲೆ ಅದರ ಕಡೆ ತಿರುಗಿ ನೋಡ್ಲಿಲ್ಲ ಅನ್ನೋ ಲೀ ರಾಬಿನ್ಸ್ ಅಧ್ಯಯನಕ್ಕೆ ಅರ್ಧ ಪುಟ. ಒಂಟಿ ಪಂಜರದ ಇಲಿಗಳಿಗಿಂತ ಜೊತೆಗಾರರಿರೋ ಇಲಿಗಳು ಮಾರ್ಫಿನ್ ಕಮ್ಮಿ ಕುಡೀತವೆ ಅಂತ ತೋರಿಸಿದ ಇಲಿಗಳ ಪಾರ್ಕ್ ಪ್ರಯೋಗ ಅಂತೂ ಇರ್ಲೇಬೇಕಲ್ಲ, ಅದನ್ನ ಬೇರೆಯವರು ಮತ್ತೆ ಮಾಡಿದಾಗ ಫಲಿತಾಂಶ ಪ್ರತಿ ಸಲ ಹಾಗೇ ಬರ್ಲಿಲ್ಲ ಅನ್ನೋದು ನಂಗೆ ಆಗ ಗೊತ್ತಿರ್ಲಿಲ್ಲ.

ಇನ್ನೊಂದು ಮರ್ಯಾದೆ ಹೋಗೋ ತಪ್ಪು ಮಾಡಿದ್ದೆ. ಸ್ಟಾನ್ಲಿ ಕೋಹೆನ್ 1972ರಲ್ಲಿ "ಮಾರಲ್ ಪ್ಯಾನಿಕ್" (ಯಾವುದೋ ಗುಂಪಿನಿಂದ ಸಮಾಜವೇ ಹಾಳಾಗುತ್ತೆ ಅಂತ ಎಲ್ಲರೂ ಗಾಬರಿ ಬೀಳೋದು) ಬಗ್ಗೆ ಬರೆದ ಪುಸ್ತಕ ಡ್ರಗ್ಸ್ ಬಗ್ಗೆ ಅಂತ ಬರೆದುಬಿಟ್ಟೆ. ಅದು ಬ್ರಿಟನ್‌ನ ಸಮುದ್ರ ತೀರದಲ್ಲಿ ಹೊಡೆದಾಡ್ಕೊಂಡ ಎರಡು ಹುಡುಗರ ಗುಂಪುಗಳ ಕಥೆ ಮಾರಾಯ್ರೇ. ಡ್ರಗ್ಸ್ ವಿಷಯಕ್ಕೆ ಆ ಮಾತನ್ನ ಬಳಸಿದ್ದು ಜಾಕ್ ಯಂಗ್, ಅದಕ್ಕೂ ಒಂದು ವರ್ಷ ಮುಂಚೆ. ಪುಸ್ತಕ ತೆಗೆದೇ ನೋಡದೆ ಯಾರೋ ಬರೆದ ಸಾರಾಂಶದಿಂದ ಎತ್ತಿದ್ರೆ ಹಿಂಗಾಗುತ್ತೆ. ಗೈಡ್ ಕೊನೇ ಪುಟದಲ್ಲಿ ಕೆಂಪು ಪೆನ್ನಲ್ಲಿ ಬರೆದಿದ್ರು: "ಇದು ಪ್ರಬಂಧ ಅಲ್ಲಮ್ಮ, ಲಗ್ನಪತ್ರಿಕೆ. ಹೆಸರುಗಳೆಲ್ಲ ಇವೆ, ಮದುವೆ ಯಾರದ್ದು ಅಂತಾನೇ ಇಲ್ಲ."

ಎರಡನೇ ಸಲ ಫೀಲ್ಡ್‌ವರ್ಕ್ ಹುಚ್ಚು. ಹನ್ನೆರಡು ಜನರನ್ನ ಇಂಟರ್‌ವ್ಯೂ ಮಾಡ್ತೀನಿ ಅಂತ ಪ್ಲಾನ್, ಒಳ್ಳೇ ರೆಕಾರ್ಡರ್ ತಗೊಂಡೆ, ಸ್ಟೈಪೆಂಡ್‌ನಲ್ಲಿ ಮೂರನೇ ಒಂದು ಭಾಗ ಅಲ್ಲೇ ಢಮಾರ್. ರಿಸರ್ಚ್‌ನಿಂದ ಯಾರಿಗೂ ತೊಂದರೆ ಆಗ್ಬಾರ್ದು ಅಂತ ನೋಡೋ ಎಥಿಕ್ಸ್ ಕಮಿಟಿ ಎರಡು ಸಲ ಫೈಲ್ ವಾಪಸ್ ಕಳಿಸ್ತು. ಜಗಳ ಇದ್ದಿದ್ದು ಒಂದು ಸಹಿಗೆ. ಮಾತಾಡೋರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ಬೇಕು ಅನ್ನೋದು ಅವರ ನಿಯಮ, ಆದ್ರೆ ನಾನು ಕೇಳ್ತಿರೋದೇ ಕಾನೂನು ಒಪ್ಪದ ಕೆಲಸದ ಬಗ್ಗೆ, ಸಹಿ ಹಾಕಿದ ಆ ಕಾಗದವೇ ನಾಳೆ ಅವರ ವಿರುದ್ಧ ಸಾಕ್ಷಿ ಆಗುತ್ತೆ, ಅವರ ಹೆಸರಿರೋದು ಅದೊಂದೇ ಕಾಗದದಲ್ಲಿ ಬೇರೆ. ಈ ಫೀಲ್ಡ್‌ನಲ್ಲಿ ಕೆಲಸ ಮಾಡೋರು ಎಷ್ಟೋ ಕಡೆ ಬಾಯಿಮಾತಿನ ಒಪ್ಪಿಗೆಗೇ ಅನುಮತಿ ತಗೋತಾರೆ ಅಂತ ಬರೆದು ಬರೆದು ಸಾಕಾಯ್ತು. ಕೊನೆಗೆ ಅವರು ಒಪ್ಪೋ ಹೊತ್ತಿಗೆ ಟರ್ಮ್ ಮುಗಿದಿತ್ತು. ಕಮಿಟಿಯವರದ್ದೇ ತಪ್ಪು ಅಂತ ಆಗ ಕೂಗಾಡಿದ್ದೆ, ಈಗ ನೋಡಿದ್ರೆ ಮೊದಲನೇ ಅರ್ಜೀಲಿ ಇದನ್ನ ನಾನೇ ಬರೀಬೇಕಿತ್ತು.

ಕಮಿಟಿ ಒಪ್ಪಿಗೆಗೆ ಕಾಯ್ತಿದ್ದ ಎರಡು ತಿಂಗಳಲ್ಲಿ ಸುಮ್ನೆ ಕೂರೋಕಾಗದೆ ಪ್ರಾಕ್ಟೀಸ್‌ಗೆ ಅಂತ ಮೂರು ಜನ ಫ್ರೆಂಡ್ಸನ್ನ ಕಾಫಿ ಬಗ್ಗೆ ಇಂಟರ್‌ವ್ಯೂ ಮಾಡ್ದೆ. ಒಂದು ಗಂಟೆ ಮಾತು ಟೈಪ್ ಮಾಡೋಕೆ ಆರು ಗಂಟೆ, ಬೆನ್ನು ಹೋಯ್ತು, ಮೂರನೇದನ್ನ ದುಡ್ಡು ಕೊಟ್ಟು ಮಾಡಿಸ್ದೆ, ಅವರು "ಚಟ" ಅನ್ನೋ ಕಡೆಯೆಲ್ಲ "ವ್ಯಸನ" ಅಂತ ತಿದ್ದಿ ಕಳಿಸಿದ್ರು, ಶುದ್ಧ ಮಾಡಿದೀನಿ ಅಂತ ಬೇರೆ ಬರೆದಿದ್ರು. ಸಿಟ್ಟು ಬಂತು. ಆದ್ರೆ ಅಲ್ಲಿಂದ ಒಂದು ಒಳ್ಳೇ ಹುಳ ಹೊಕ್ತು ತಲೆಗೆ. ಕಾಫಿ ಚಟ ಅಂತೀವಿ, ಕಾಫಿ ವ್ಯಸನ ಅಂತ ಯಾರೂ ಅನ್ನಲ್ಲ. ಗಾಂಜಾಕ್ಕೆ ಬಂದ ತಕ್ಷಣ ಪೇಪರ್‌ನವರಿಗೆ ಅವನು "ವ್ಯಸನಿ". ಅದೇ ವ್ಯಸನ ಅನ್ನೋ ಪದಕ್ಕೆ ದುಃಖ ಅನ್ನೋ ಅರ್ಥವೂ ಇದೆ, "ವ್ಯಸನಪಡಬೇಡ" ಅಂದ್ರೆ ಕೊರಗಬೇಡ ಅಂತ. ಇನ್ನು "ಮದ್ದು" ತಗೊಳ್ಳಿ, ಕಾಯಿಲೆ ವಾಸಿ ಮಾಡೋದೂ ಮದ್ದು, ಆಗದೇ ಇರೋರು ಊಟದಲ್ಲಿ ಇಡೋದೂ ಮದ್ದು, ಬಂದೂಕಿಗೆ ತುಂಬೋದೂ ಮದ್ದು. ಗ್ರೀಕರ ಫಾರ್ಮಕಾನ್ ಅನ್ನೋ ಪದಕ್ಕೆ ಔಷಧ, ವಿಷ ಎರಡೂ ಅರ್ಥ ಇದೆ ಅಂತ ದೊಡ್ಡ ದೊಡ್ಡೋರು ಪುಟಗಟ್ಟಲೆ ಬರೆದಿದಾರೆ, ನಮ್ಮದರಲ್ಲಿ ಬೋನಸ್ಸಾಗಿ ಗುಂಡೂ ಹಾರುತ್ತೆ. ಇದನ್ನ ನಾಲ್ಕು ಪುಟ ಬರೆದೆ, ಗೈಡ್ "ಚೆನ್ನಾಗಿದೆ, ತೆಗಿ" ಅಂದ್ರು. ತೆಗೆದೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆದ್ರೆ ಪ್ರಶ್ನೆ ತಿರುಗಿದ್ದು ಅಲ್ಲೇ. ಜನ ಯಾಕೆ ತಗೋತಾರೆ ಅನ್ನೋದನ್ನ ಬಿಟ್ಟು, "ಇವನು ಇದರಿಂದಲೇ ಹಾಳಾದ ಅಂತ ಮೊದಲು ಬರೆದವರು ಯಾರು, ಯಾವ ಕಾಗದದ ಮೇಲೆ" ಅಂತ ಕೇಳೋಕೆ ಶುರು ಮಾಡ್ದೆ. ಹಂಗೆ ಕೈಗೆ ಸಿಕ್ಕಿದ್ದು ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ವರದಿ, 1893–94ರದ್ದು. ಬ್ರಿಟಿಷ್ ಸಂಸತ್ತಲ್ಲಿ ಪ್ರಶ್ನೆ ಎದ್ದು ಗಾಂಜಾ, ಭಂಗಿ, ಚರಸ್ ಬಗ್ಗೆ ವಿಚಾರಣೆ ಮಾಡಿ ಅಂತ ಕೂರಿಸಿದ ಕಮಿಷನ್ ಅದು. ಏಳು ಜನ ಸದಸ್ಯರು, ಸಾವಿರದ ನೂರ ತೊಂಬತ್ತು ಚಿಲ್ಲರೆ ಸಾಕ್ಷಿಗಳು, ಸಂಪುಟದ ಮೇಲೆ ಸಂಪುಟ. ಸ್ಕ್ಯಾನ್ ಆಗಿರೋದು ಪುಕ್ಕಟೆ ಸಿಗುತ್ತೆ, ಆದ್ರೆ ಸ್ಕ್ರೀನ್ ಮೇಲೆ ಓದೋಕೆ ಹೋಗಿ ಕಣ್ಣು ಉರಿದು ಸುಮಾರು 400 ಪುಟ ಪ್ರಿಂಟ್ ತೆಗೆಸ್ದೆ. ರೆಕಾರ್ಡರ್ ಅರ್ಧ ರೇಟಿಗೆ ಮಾರಿದ ದುಡ್ಡು ಅದಕ್ಕೇ ಸರಿಹೋಯ್ತು.

ಎಲ್ಲರೂ ಕೋಟ್ ಮಾಡೋದು ಇದರ ತೀರ್ಮಾನವನ್ನ, ಮಿತವಾಗಿ ತಗೊಂಡ್ರೆ ಹೆಚ್ಚೇನೂ ಕೆಡುಕಿಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹಿಡಿತದಲ್ಲಿಡಿ ಅನ್ನೋದು. ನಾನು ತೀರ್ಮಾನ ಮುಟ್ಟಲೇ ಇಲ್ಲ. ಹುಚ್ಚಾಸ್ಪತ್ರೆ ಭಾಗಕ್ಕೆ ಹೋದೆ. ಅಲ್ಲಿ ರೋಗಿ ಜೊತೆಗೆ ಒಂದು ವಿವರಪಟ್ಟಿ ಬರ್ತಿತ್ತು, ಅದರಲ್ಲಿ "ಹುಚ್ಚಿಗೆ ಕಾರಣ" ಅಂತ ಒಂದು ಕಾಲಂ. ತುಂಬೋರು ಡಾಕ್ಟರ್ ಅಲ್ಲ, ಬಹಳ ಸಲ ಕರ್ಕೊಂಡು ಬಂದ ಪೊಲೀಸ್ನೋರು. ರಸ್ತೇಲಿ ಸಿಕ್ಕ ಮನುಷ್ಯ, ಹೆಸರಿಲ್ಲ, ಊರಿಲ್ಲ, ಮನೆಯವರಿಲ್ಲ, ಕಾಲಂ ಖಾಲಿ ಬಿಡೋ ಹಾಗಿಲ್ಲ. ಏನು ಬರೀತಾರೆ? ಗಾಂಜಾ. ಅದೇ ಆಸ್ಪತ್ರೆ ರಿಜಿಸ್ಟರ್‌ಗೆ ನಕಲಾಗುತ್ತೆ, ಅಲ್ಲಿಂದ ವಾರ್ಷಿಕ ಅಂಕಿಅಂಶಕ್ಕೆ ಹೋಗುತ್ತೆ, ವರ್ಷ ಕಳೆದ್ಮೇಲೆ "ಗಾಂಜಾದಿಂದ ಹುಚ್ಚು ಬರುತ್ತೆ, ಅಂಕಿಅಂಶವೇ ಹೇಳುತ್ತೆ" ಅಂತ ಡಾಕ್ಟರೂ ನಂಬ್ತಾರೆ. ಕಮಿಷನ್‌ನವರು 1892ರ ಕೇಸ್‌ಗಳನ್ನ ಒಂದೊಂದಾಗಿ ಮತ್ತೆ ವಿಚಾರಿಸಿದ್ರು. ಗಾಂಜಾ ಲೆಕ್ಕಕ್ಕೆ ಬರೆದಿದ್ದು ಇನ್ನೂರ ಇಪ್ಪತ್ತು ಚಿಲ್ಲರೆ, ವಿಚಾರಣೆ ಆದ್ಮೇಲೆ ಉಳಿದಿದ್ದು ನೂರರ ಒಳಗೆ. ಅದರಲ್ಲೂ ಬೇರೆ ಕಾರಣ ಯಾವುದೂ ಸೇರದೆ ಬರೀ ಗಾಂಜಾ ಅನ್ನೋ ಕೇಸ್‌ಗಳು ಇನ್ನೂ ಕಮ್ಮಿ. ನನ್ನ ಇಡೀ ಪ್ರಬಂಧ ಆ ಒಂದು ಕಾಲಂ ಬಗ್ಗೆ.

ಬರೆದ ರೀತಿ ಹೇಳ್ತೀನಿ. ನೋಟ್‌ಬುಕ್‌ನಲ್ಲಿ ಎಡಗಡೆ ಪುಟದಲ್ಲಿ ವರದಿಯ ಸಾಲು, ಬಲಗಡೆ "ಇದು ಇವರಿಗೆ ಹೆಂಗೆ ಗೊತ್ತು" ಅನ್ನೋದಕ್ಕೆ ಉತ್ತರ, ಅಷ್ಟೇ. ಬಲಗಡೆ ಖಾಲಿ ಉಳಿದಿದ್ದೆಲ್ಲ ಒಂದು ಕಡೆ ಸೇರಿಸಿದ್ರೆ ಅದೇ ಅಧ್ಯಾಯ ಆಯ್ತು. ಮೂರು ಸಾವಿರ ಪದ ಆಗೋತನಕ ಒಬ್ಬ ಥಿಯರಿಯವನನ್ನೂ ಒಳಗೆ ಬಿಡ್ಲಿಲ್ಲ. ಆಮೇಲೆ ಬೆಕರ್‌ನ ಕರೆದೆ, ಈ ಸಲ ಗಾಂಜಾ ಸೇದೋರ ಬೆಕರ್ ಅಲ್ಲ, 1963ರಲ್ಲಿ ಹಣೆಪಟ್ಟಿ ಹಚ್ಚೋರ ಬಗ್ಗೆ ಬರೆದ ಬೆಕರ್. ಪ್ರತಿ ಪ್ಯಾರಾಗೂ ಒಂದು ಪರೀಕ್ಷೆ, ಥಿಯರಿಯವನ ಹೆಸರು ಅಳಿಸಿ ಓದೋದು, ಪ್ಯಾರಾ ನಿಂತ್ರೆ ಇಟ್ಕೊಳ್ಳೋದು, ಕುಸಿದ್ರೆ ಕಸಕ್ಕೆ. ಝಿನ್‌ಬರ್ಗ್ ಹೋದ್ರು, ಇಲಿಗಳು ಹೋದ್ವು, 2001ರಲ್ಲಿ ಪೋರ್ಚುಗಲ್ ಸ್ವಂತಕ್ಕೆ ಇಟ್ಕೊಳ್ಳೋದನ್ನ ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆದಿದ್ದರ ಬಗ್ಗೆ ಆಸೆಪಟ್ಟು ಬರೆದ ಎರಡು ಪುಟವೂ ಹೋಯ್ತು. ಅಷ್ಟು ದೊಡ್ಡ ವರದೀಲಿ ಈ ಕಾಲಂ ಕಥೆ ಎಲ್ಲೆಲ್ಲಿ ಅಡಗಿದೆ ಅಂತ ಹುಡುಕೋಕೆ ನಾನು ಯಾವ ಪದ ಹಿಡಿದೆ ಅನ್ನೋದನ್ನ ಮಾತ್ರ ಕೇಳ್ಬೇಡಿ, ಅದಕ್ಕೆ ಎರಡು ವಾರ ಕೊಟ್ಟಿದೀನಿ, ಇನ್ನೊಂದು ಪೇಪರ್ ಬಾಕಿ ಇದೆ.

ಬ್ಯಾಚ್‌ನವರ ದೊಡ್ಡ ಆಕ್ಷೇಪ ಇದ್ದಿದ್ದು, ಗಾಂಜಾ ತೆರಿಗೇಲಿ ಸರ್ಕಾರಕ್ಕೇ ದುಡ್ಡು ಬರ್ತಿತ್ತು, ಅವರೇ ಕೂರಿಸಿದ ಕಮಿಷನ್ ನಿಷೇಧ ಬೇಡ ಅಂದ್ರೆ ಅದನ್ನ ಹೆಂಗೆ ನಂಬ್ತೀಯಾ ಅಂತ. ನ್ಯಾಯವಾದ ಪ್ರಶ್ನೆನೇ. ಒಂದು ವಾರ ನಿದ್ದೆ ಬರ್ಲಿಲ್ಲ. ಕೊನೆಗೆ ಅದನ್ನ ಬಚ್ಚಿಡೋ ಬದಲು ಪ್ರಬಂಧದ ಮಧ್ಯಕ್ಕೇ ತಂದು ಕೂರಿಸ್ದೆ: ಪೊಲೀಸ್ನೋರಿಗೆ ಕಾಲಂ ತುಂಬಿದ್ರೆ ಕೆಲಸ ಮುಗೀತಿತ್ತು, ಖಜಾನೆಗೆ ಆ ಕಾಲಂ ಸುಳ್ಳು ಅಂತಾದ್ರೆ ಲಾಭ, ಎರಡೂ ಕಡೆಯೋರಿಗೆ ಬೇಕಿದ್ದು ಆ ರೋಗಿ ಅಲ್ಲ. ಇದಕ್ಕೆ ಸಹಾಯ ಆಗಿದ್ದು ಕಮಿಷನ್‌ನ ಇಬ್ಬರು ಭಾರತೀಯ ಸದಸ್ಯರು ಬಹುಮತಕ್ಕೆ ಒಪ್ಪದೆ ಬರೆದ ಟಿಪ್ಪಣಿಗಳು. ಯಾವ ಕಮಿಷನ್ ವರದಿ ಓದಿದ್ರೂ ಮೊದಲು ಭಿನ್ನಮತದ ಟಿಪ್ಪಣಿ ಓದಿ, ಜಗಳ ಎಲ್ಲಿತ್ತು ಅಂತ ಅಲ್ಲೇ ಗೊತ್ತಾಗುತ್ತೆ. ಇದೊಂದು ಗುಟ್ಟು ಪುಕ್ಕಟೆ.

ಇನ್ನೊಂದು ಕಡೆ ಜಾರ್ತಿದ್ದೆ. ಕಾಲಂ ಸುಳ್ಳು ಅಂತ ಸಿಕ್ಕ ಖುಷೀಲಿ "ಹಾಗಾಗಿ ಗಾಂಜಾದಿಂದ ಏನೂ ಆಗಲ್ಲ" ಅಂತ ಡ್ರಾಫ್ಟ್‌ನಲ್ಲಿ ಬರೆದುಬಿಟ್ಟಿದ್ದೆ. ಲೆಕ್ಕ ತಪ್ಪಿತ್ತು ಅಂದ್ರೆ ವಸ್ತು ಸಾಚಾ ಅಂತ ಅರ್ಥ ಅಲ್ವಲ್ಲ, ಕಮಿಷನ್‌ನವರೂ ಕೆಲವು ಕೇಸ್ ಹಾಗೇ ಉಳಿಸ್ಕೊಂಡಿದ್ರು. ಆ ಒಂದು ಸಾಲು ಉಳಿದಿದ್ರೆ 78 ಇರ್ಲಿ, 60 ಕೂಡ ಬರ್ತಿರ್ಲಿಲ್ಲ ಅಂತ ಗೈಡೇ ಹೇಳಿದ್ರು.

ಒಟ್ಟು ಹನ್ನೊಂದು ವಾರ, ಅದರಲ್ಲಿ ಬರೆದಿದ್ದು ಮೂರೂವರೆ ವಾರ ಇರಬಹುದು. ನಕ್ಕಿದ್ದ ಫ್ರೆಂಡ್ ಒಬ್ಬಳು ಈಗ ನನ್ನ ನೋಟ್‌ಬುಕ್ ತಗೊಂಡು ಹೋಗಿದಾಳೆ, ವಾಪಸ್ ಕೊಟ್ಟಿಲ್ಲ. ನಾನು ಅದೇ ಕಾಲದ ಅಫೀಮಿನ ರಾಯಲ್ ಕಮಿಷನ್‌ಗೆ ಕೈ ಹಾಕಿದೀನಿ, 1893ರಲ್ಲಿ ಕೂರಿಸಿ 1895ಕ್ಕೆ ಮುಗಿಸಿದ್ದು, ಏಳು ಸಂಪುಟ. ಈ ಸಲ ಪ್ರಿಂಟ್ ತೆಗೆಸಲ್ಲ ಅಂದ್ಕೊಂಡಿದ್ದೆ, ನಿನ್ನೆ 60 ಪುಟ ತೆಗೆಸ್ದೆ.