ಹಾರರ್ ಸಿನಿಮಾಗೆ ರಾತ್ರಿಯೇ ಅಂಕ ಹಾಕಬೇಡಿ

2024ರ ಅಕ್ಟೋಬರ್ ತಿಂಗಳು ಪೂರ್ತಿ ದಿನಕ್ಕೊಂದು ಹಾರರ್ ಸಿನಿಮಾ ನೋಡಬೇಕು, ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಬೇಕು ಅಂತ ನಿರ್ಧಾರ ಮಾಡಿದ್ದೆ. 31 ನೋಡಬೇಕಿತ್ತು, ನೋಡಿದ್ದು 27. ಹೊರದೇಶಗಳಲ್ಲಿ 31ಕ್ಕೆ ಹ್ಯಾಲೋವೀನ್ ಬರುತ್ತದೆ, ಅದಕ್ಕೇ ಅಲ್ಲಿನವರು ಆ ತಿಂಗಳನ್ನು ಹಾರರ್‌ಗೆ ಅಂತ ಇಟ್ಟುಕೊಳ್ಳುತ್ತಾರೆ. ನಮಗೆ ಆ ಹಬ್ಬ ಇಲ್ಲ. ಆದರೆ ಗೋಡೆ ಕ್ಯಾಲೆಂಡರ್ ತಿರುಗಿಸಿ ನೋಡಿದರೆ ಆ ವರ್ಷ ಅಕ್ಟೋಬರ್ 2ಕ್ಕೆ ಮಹಾಲಯ ಅಮಾವಾಸ್ಯೆ, 31ಕ್ಕೆ ನರಕ ಚತುರ್ದಶಿ. ಸತ್ತವರಿಗೆ ಎಡೆ ಇಡುವ ದಿನದಿಂದ ಶುರುವಾಗಿ ನರಕಾಸುರ ಸತ್ತ ದಿನಕ್ಕೆ ಮುಗಿಯುವ ತಿಂಗಳು. ನಮ್ಮ ಕ್ಯಾಲೆಂಡರೇ ಸರಿಯಾಗಿ ಹೊಂದಿಕೊಂಡಿತ್ತು.

ಮನೆ ಹನುಮಂತನಗರದಲ್ಲಿ. ನೆಲಮಹಡಿಯಲ್ಲಿ ನಾನು ಮತ್ತು ಅಮ್ಮ ಬಾಡಿಗೆಗೆ ಇದ್ದೇವೆ, ಮೇಲೆ ಓನರ್ ಮನೆಯವರು. ಅಮ್ಮ ಒಂಬತ್ತೂವರೆಗೆ ಮಲಗುತ್ತಾಳೆ. ಅಡುಗೆಮನೆ ಒರೆಸಿ, ಬಾಗಿಲು ಹಾಕಿ, ಹತ್ತಕ್ಕೆ ನಾನು ಟಿವಿ ಮುಂದೆ ಕೂರುತ್ತಿದ್ದೆ. ಪಕ್ಕದಲ್ಲಿ ನೂರು ಪುಟದ ಒಂದು ಗೆರೆ ಪುಸ್ತಕ, ಒಂದು ಪೆನ್ನು. ಮೂರು ನಿಯಮ ಇಟ್ಟುಕೊಂಡಿದ್ದೆ. ಲೈಟ್ ಆರಿಸಬೇಕು, ಫೋನ್ ಇನ್ನೊಂದು ರೂಮಿನಲ್ಲಿರಬೇಕು, ನಡುವೆ ನಿಲ್ಲಿಸಬಾರದು. ಮೂರನೆಯದೇ ಮುಖ್ಯ. ನೀರು ಕುಡಿದು ಬರುತ್ತೇನೆ ಅಂತ ಎದ್ದರೆ ಮುಗಿಯಿತು, ನಿರ್ದೇಶಕ ಅರ್ಧ ಗಂಟೆ ಕಷ್ಟಪಟ್ಟು ಕಟ್ಟಿದ ಭಯ ಫ್ರಿಡ್ಜ್ ಬಾಗಿಲು ತೆಗೆಯುವಷ್ಟರಲ್ಲಿ ಇಳಿದುಹೋಗುತ್ತದೆ.

ಎರಡನೇ ದಿನವೇ ಒಂದು ತಪ್ಪಿತು. ಬೆಳಿಗ್ಗೆ ಅಪ್ಪನಿಗೆ ಎಡೆ ಇಟ್ಟಿದ್ದೆವು. ಅವರಿಗೆ ಇಷ್ಟವಾದ ಹುಳಿ, ಕೋಸಂಬರಿ, ಎರಡು ವಡೆ. ರಾತ್ರಿ ನಾನು ರಿಮೋಟ್ ಹಿಡಿದದ್ದು ನೋಡಿ ಅಮ್ಮ ಬೈಯಲಿಲ್ಲ, ಮೆಲ್ಲಗೆ ಕೇಳಿದಳು. "ಸತ್ತವರನ್ನ ಊಟಕ್ಕೆ ಕರೆದಿರೋ ದಿನ ಅವರನ್ನ ನೋಡಿ ಹೆದರ್ಕೋತಾರೇನೇ?" ಟಿವಿ ಆರಿಸಿಬಿಟ್ಟೆ. ಆ ಮಾತು ತಿಂಗಳು ಪೂರ್ತಿ ನನ್ನ ಜೊತೆ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ವಾರ ಸಿನಿಮಾ ಮುಗಿದ ತಕ್ಷಣ ಅಂಕ ಬರೆಯುತ್ತಿದ್ದೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿರುವಾಗಲೇ. ಎಲ್ಲಾ ಎಂಟು, ಎಂಟೂವರೆ. ಏಳನೇ ದಿನ ಪುಟ ತಿರುಗಿಸಿದರೆ ಎಂಟು ಅಂಕ ಪಡೆದ ಒಂದು ಸಿನಿಮಾದ ಕಥೆಯೇ ನೆನಪಿಗೆ ಬರಲಿಲ್ಲ. ಯಾವ ಮನೆ, ಯಾರು ಸತ್ತರು, ಏನೂ ಇಲ್ಲ. ಅದೇನು ಮಾಡಿತ್ತು ಅಂದರೆ, ಐದು ನಿಮಿಷಕ್ಕೊಮ್ಮೆ ಸದ್ದು ಪೂರ್ತಿ ಇಳಿಸಿ ಆಮೇಲೆ ಢಂ ಅಂತ ಕಿವಿಗೆ ಹೊಡೆದಿತ್ತು. ಪಕ್ಕದಲ್ಲಿ ಯಾರಾದರೂ ಪಾತ್ರೆ ಬೀಳಿಸಿದರೂ ನಾನು ಅಷ್ಟೇ ಬೆಚ್ಚಿಬೀಳುತ್ತೇನೆ. ಬೆಚ್ಚಿಬೀಳುವುದು ಬೇರೆ, ಹೆದರುವುದು ಬೇರೆ, ಅಲ್ವಾ? ನಾನು ಎರಡಕ್ಕೂ ಒಂದೇ ಅಂಕ ಹಾಕುತ್ತಿದ್ದೆ.

ಅವತ್ತು ಸ್ಕೇಲ್ ಇಟ್ಟು ಪುಟದಲ್ಲಿ ಇನ್ನೊಂದು ಗೆರೆ ಎಳೆದೆ. ಎಡಗಡೆ ರಾತ್ರಿಯ ಅಂಕ, ಬಲಗಡೆ ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗಿನ ಅಂಕ. ಬೆಳಿಗ್ಗೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ: ಈಗ ಏನು ಉಳಿದಿದೆ? ಹಾಗೆ ಕೇಳಿಕೊಂಡ ಮೇಲೆ ಪುಸ್ತಕದ ರೂಪವೇ ಬದಲಾಯಿತು. ರಾತ್ರಿ ಎಂಟು ಇದ್ದದ್ದು ಬೆಳಿಗ್ಗೆ ನಾಲ್ಕಕ್ಕೆ ಇಳಿಯುತ್ತಿತ್ತು, ರಾತ್ರಿ ಐದು ಕೊಟ್ಟದ್ದು ಏಳೂವರೆಗೆ ಏರುತ್ತಿತ್ತು.

ಏರಿದ್ದಕ್ಕೆ ಒಳ್ಳೆ ಉದಾಹರಣೆ ನಮ್ಮದೇ 'ಯೂ ಟರ್ನ್'. ಪವನ್ ಕುಮಾರ್ ನಿರ್ದೇಶನದ 2016ರ ಕನ್ನಡ ಸಿನಿಮಾ, ಶ್ರದ್ಧಾ ಶ್ರೀನಾಥ್ ಮಾಡಿದ್ದು. ಡಬಲ್ ರೋಡ್ ಫ್ಲೈಓವರ್ ಮೇಲೆ ನಡುವೆ ಇಟ್ಟ ಕಲ್ಲುಗಳನ್ನು ಸರಿಸಿ ಯೂ ಟರ್ನ್ ತೆಗೆದುಕೊಳ್ಳುವ ಬೈಕ್‌ನವರ ಕಥೆ. ಆ ಕಲ್ಲನ್ನು ಮತ್ತೆ ಇದ್ದ ಜಾಗಕ್ಕೆ ಯಾರೂ ಇಡುವುದಿಲ್ಲ. ಅಷ್ಟೇ ತಪ್ಪು, ದಿನಾ ನಾವು ನೋಡುವ ತಪ್ಪು. ರಾತ್ರಿ ಆರು ಕೊಟ್ಟು ಮಲಗಿದೆ. ಮಾರನೇ ದಿನ ಆಫೀಸಿಗೆ ಲಾಲ್‌ಬಾಗ್ ದಾಟಿ ಡಬಲ್ ರೋಡಿಗೆ ಸ್ಕೂಟರ್ ತಿರುಗಿಸಿದೆ ನೋಡಿ, ಕೈ ತಾನಾಗಿಯೇ ಬ್ರೇಕ್ ಹಿಡಿಯಿತು. ಕಣ್ಣು ರಸ್ತೆ ನಡುವಿನ ಕಲ್ಲು ಹುಡುಕುತ್ತಿತ್ತು. ವಾರ ಪೂರ್ತಿ ಹಾಗೇ. ನಾನು ಓಡಾಡುವ ರಸ್ತೆಯನ್ನೇ ಒಂದು ಸಿನಿಮಾ ಬದಲಾಯಿಸಿದರೆ ಅದಕ್ಕೆ ಆರು ಅಂಕ ಕೊಡುವುದು ಅನ್ಯಾಯ. ಒಂಬತ್ತು ಮಾಡಿದೆ.

ಎರಡನೇ ವಾರ ದಸರಾ. ಆಯುಧ ಪೂಜೆ, ವಿಜಯದಶಮಿ, ಊರಿಂದ ಚಿಕ್ಕಮ್ಮ ಬಂದಿದ್ದರು, ಎರಡು ರಾತ್ರಿ ಹೋಯಿತು. ಅದರಲ್ಲಿ ಬೇಜಾರಿಲ್ಲ. ಅದಕ್ಕೆ ಬದಲಾಗಿ ನನಗೆ ಆ ತಿಂಗಳ ಅತ್ಯಂತ ಒಳ್ಳೆಯ ಸಂಜೆ ಸಿಕ್ಕಿತು. ಅಮ್ಮ, ಚಿಕ್ಕಮ್ಮ, ನನ್ನ ತಂಗಿ ಎಲ್ಲ ಕೂತು 1979ರ 'ನಾ ನಿನ್ನ ಬಿಡಲಾರೆ' ನೋಡಿದೆವು. ಅನಂತ್‌ನಾಗ್, ಲಕ್ಷ್ಮಿ. ಮದುವೆಗೆ ಮುಂಚೆ ಅಮ್ಮ, ಚಿಕ್ಕಮ್ಮ ಇಬ್ಬರೂ ಅದನ್ನು ಮೆಜೆಸ್ಟಿಕ್‌ನಲ್ಲಿ ನೋಡಿ, ಒಬ್ಬರ ಕೈ ಒಬ್ಬರು ಬಿಡದೆ ಮನೆಗೆ ಬಂದಿದ್ದರಂತೆ. ಇವತ್ತಿನ ಕಣ್ಣಿಗೆ ಅದರ ಟ್ರಿಕ್ ಎಲ್ಲ ಗೊತ್ತಾಗುತ್ತದೆ, ನನಗೆ ಜಾಸ್ತಿ ಹೆದರಿಕೆ ಆಗಲಿಲ್ಲ. ಹಾಗಾದರೆ ಆಗ ಯಾಕೆ ಅಷ್ಟು ಹೆದರಿದ್ದು ಅಂತ ಕೇಳಿದೆ. ಚಿಕ್ಕಮ್ಮ ಸ್ವಲ್ಪ ಯೋಚನೆ ಮಾಡಿ ಹೇಳಿದರು. "ದೆವ್ವ ಹಿಡಿಯೋದು ಅಂದ್ರೆ ಹೆಂಗಸರಿಗೇ ಅಂತ ನಾವು ಅಂದ್ಕೊಂಡಿದ್ವಿ ಕಣೇ. ಇಲ್ಲಿ ಗಂಡನಿಗೇ ಹಿಡೀತಲ್ಲ. ಇನ್ನು ಹೆಂಡತಿ ಯಾರ ಹತ್ರ ಓಡ್ಬೇಕು?"

ಎಷ್ಟು ಸರಿಯಾದ ಮಾತು! ಭಯ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿರಲಿಲ್ಲ. ಕಾಪಾಡಬೇಕಾದವನೇ ಬೇರೆಯವನಾಗಿಬಿಟ್ಟರೆ? ಅವತ್ತಿನಿಂದ ಪ್ರತಿ ಸಿನಿಮಾ ನೋಡುವಾಗಲೂ ಇದನ್ನು ಹುಡುಕತೊಡಗಿದೆ. 1980ರ 'ದಿ ಶೈನಿಂಗ್' ನೋಡಿದಾಗ ಸ್ಟಾನ್ಲಿ ಕೂಬ್ರಿಕ್ ಮಾಡಿರುವುದೂ ಅದನ್ನೇ ಅನ್ನಿಸಿತು. ಹಿಮ ಬಿದ್ದು ದಾರಿ ಮುಚ್ಚಿದ ಹೋಟೆಲ್, ಒಳಗೆ ಅಪ್ಪ, ಅಮ್ಮ, ಒಬ್ಬ ಪುಟ್ಟ ಹುಡುಗ, ಅಪ್ಪನೇ ಬದಲಾಗುತ್ತಾ ಹೋಗುತ್ತಾನೆ. ಆದರೆ ನನ್ನನ್ನು ಹಿಡಿದದ್ದು ಅಪ್ಪನ ಮುಖಕ್ಕಿಂತ ಆ ಹುಡುಗನ ಮೂರು ಚಕ್ರದ ಸೈಕಲ್. ಉದ್ದದ ಕಾರಿಡಾರಿನಲ್ಲಿ ಅವನು ತುಳಿಯುತ್ತಾ ಹೋಗುತ್ತಾನೆ, ಕ್ಯಾಮೆರಾ ನೆಲದ ಹತ್ತಿರವೇ ಅವನ ಹಿಂದೆ. ಮರದ ನೆಲದ ಮೇಲೆ ಗಡಗಡ ಸದ್ದು, ಕಾರ್ಪೆಟ್ ಬಂದ ತಕ್ಷಣ ಸದ್ದೇ ಇಲ್ಲ, ಮತ್ತೆ ಗಡಗಡ, ಮತ್ತೆ ಇಲ್ಲ. ಒಂದು ಹನಿ ರಕ್ತ ಇಲ್ಲ ಅಲ್ಲಿ. ಮುಂದಿನ ತಿರುವಿನಲ್ಲಿ ಏನಿದೆಯೋ ಅಂತ ಉಸಿರು ಬಿಗಿಹಿಡಿದಿದ್ದೆ. ರಾತ್ರಿ ಎಂಟು, ಬೆಳಿಗ್ಗೆಯೂ ಎಂಟು.

ಆಮೇಲೆ ಒಂದು ಪರೀಕ್ಷೆ ಶುರು ಮಾಡಿದೆ. ಬೆಳಿಗ್ಗೆ ಅಂಕ ಹಾಕುವ ಮುಂಚೆ, ರಾತ್ರಿ ಹೆಚ್ಚು ಹೆದರಿಸಿದ ಎರಡು ನಿಮಿಷವನ್ನು ಮ್ಯೂಟ್ ಮಾಡಿ ಮತ್ತೆ ನೋಡುವುದು. ಹಾರರ್‌ಗೆ ಅಂಕ ಹಾಕುವ ಆಸೆ ಇರುವವರೆಲ್ಲ ಇದನ್ನು ಮಾಡಿ ನೋಡಬೇಕು, ತುಂಬಾ ಕಲಿಯುತ್ತೀರಿ. ಹಿಚ್‌ಕಾಕ್‌ನ 1960ರ 'ಸೈಕೋ'ದ ಸ್ನಾನದ ಕೋಣೆಯ ದೃಶ್ಯವನ್ನು ಸದ್ದಿಲ್ಲದೆ ನೋಡಿದರೆ ಅದೊಂದು ಚುರುಕಾದ ಎಡಿಟಿಂಗ್ ಪಾಠದ ಥರ ಕಾಣುತ್ತದೆ. ಸದ್ದು ಹಾಕಿದ ತಕ್ಷಣ ಬರ್ನಾರ್ಡ್ ಹರ್ಮನ್ ಅವರ ಪಿಟೀಲುಗಳು ಕಿರುಚುತ್ತವೆ, ಅಲ್ಲಿ ಚಾಕು ಇರುವುದೇ ಆ ಸದ್ದಿನಲ್ಲಿ. ಆ ಸಿನಿಮಾದ ಸಂಗೀತ ಪೂರ್ತಿ ತಂತಿ ವಾದ್ಯಗಳಲ್ಲೇ ಇದೆ. ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದರು, ಹರ್ಮನ್ ಮಾಡಿ ಕೇಳಿಸಿದ ಮೇಲೆ ಒಪ್ಪಿಕೊಂಡರು.

ಇದಕ್ಕೆ ಉಲ್ಟಾ ಆಗಿದ್ದು ಜಪಾನಿನ 'ರಿಂಗು', 1998ರದ್ದು, ನಿರ್ದೇಶಕ ಹಿಡಿಯೊ ನಕಾಟ. ಕೊನೆಯಲ್ಲಿ ಸದಾಕೊ ಅನ್ನುವ ದೆವ್ವ ಬರುವ ದೃಶ್ಯವನ್ನು ಮ್ಯೂಟ್ ಮಾಡಿದೆ. ಹೆದರಿಕೆ ಒಂದಿಷ್ಟೂ ಕಡಿಮೆ ಆಗಲಿಲ್ಲ. ಅವಳ ನಡಿಗೆಯಲ್ಲೇ ಏನೋ ತಪ್ಪಿದೆ, ಏನು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಮೈಗೆ ಗೊತ್ತಾಗುತ್ತದೆ. ನಟಿಯನ್ನು ಹಿಂದಕ್ಕೆ ನಡೆಸಿ ಚಿತ್ರೀಕರಿಸಿ, ಅದನ್ನು ಉಲ್ಟಾ ಓಡಿಸಿದ್ದಾರೆ. ಅಷ್ಟು ಸರಳ ಉಪಾಯ! ಮೋಹಿನಿಗೆ ಪಾದ ಹಿಂದುಮುಂದು ಅಂತ ನಮ್ಮ ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಬೆಳಿಗ್ಗೆಯ ಅಂಕ ಒಂಬತ್ತೂವರೆ, ಆ ತಿಂಗಳ ಅತಿ ಹೆಚ್ಚು.

ತಿಂಗಳ ನಡುವೆ ಮಳೆ ಹಿಡಿಯಿತು. ಆ ವರ್ಷದ ಅಕ್ಟೋಬರ್ ಮಳೆ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ, ಯಲಹಂಕದ ಕಡೆ ಅಪಾರ್ಟ್‌ಮೆಂಟಿಂದ ಜನರನ್ನು ದೋಣಿಯಲ್ಲಿ ಕರೆತಂದದ್ದು ಎಲ್ಲರೂ ನೋಡಿದ್ದಾರೆ. ನಮ್ಮ ಬೀದಿಯಲ್ಲಿ ಕರೆಂಟ್ ಬರುವುದು ಹೋಗುವುದು ನಡೆದೇ ಇತ್ತು. ಒಂದು ರಾತ್ರಿ ಪೂರ್ತಿ ಹೋಯಿತು, ಆ ಸಿನಿಮಾನೂ ತಪ್ಪಿತು. ಆ ವಾರಕ್ಕೆ 'ತುಂಬಾಡ್' ಇಟ್ಟುಕೊಂಡದ್ದು ಮಾತ್ರ ಚೆನ್ನಾಗಿ ಕೂಡಿಬಂತು. 2018ರ ಹಿಂದಿ ಸಿನಿಮಾ. ಅದರೊಳಗೆ ಮಳೆ ನಿಲ್ಲುವುದೇ ಇಲ್ಲ, ಎಲ್ಲೆಲ್ಲೂ ಪಾಚಿ, ಒದ್ದೆ ಕಲ್ಲು, ದುರಾಸೆ. ನಮ್ಮ ಕಿಟಕಿ ಸಜ್ಜಾದ ತಗಡಿನ ಮೇಲೆ ನಿಜವಾದ ಮಳೆ. ಯಾವ ಸದ್ದು ಒಳಗಿನದು, ಯಾವುದು ಹೊರಗಿನದು ಅಂತ ಗೊತ್ತಾಗುತ್ತಿರಲಿಲ್ಲ. ಅದೇ ವಾರ 1922ರ ಮೂಕಿಚಿತ್ರ 'ನಾಸ್ಫೆರಾಟು' ನೋಡಿದೆ. ಆನ್‌ಲೈನ್‌ನಲ್ಲಿ ಸಿಕ್ಕ ಪ್ರತಿಗೆ ಯಾರೋ ಹೊಂದಿಕೆಯಾಗದ ಸಂಗೀತ ಹಾಕಿದ್ದರು, ಅದನ್ನು ನಿಲ್ಲಿಸಿ ಮಳೆ ಸದ್ದಿನಲ್ಲೇ ನೋಡಿದೆ. ಮೆಟ್ಟಿಲ ಪಕ್ಕದ ಗೋಡೆ ಮೇಲೆ ಉದ್ದ ಉಗುರಿನ ನೆರಳು ಹತ್ತುವಾಗ ನಾನು ಕಾಲು ಮೇಲೆ ಎಳೆದುಕೊಂಡೆ. ಈ ಸಿನಿಮಾದ ಪ್ರತಿಗಳನ್ನೆಲ್ಲ ನಾಶ ಮಾಡಬೇಕು ಅಂತ ಕೋರ್ಟ್ ಆದೇಶವಾಗಿತ್ತು. 'ಡ್ರಾಕುಲಾ' ಬರೆದ ಬ್ರಾಮ್ ಸ್ಟೋಕರ್ ಅವರ ಹೆಂಡತಿ, ಅನುಮತಿ ಕೇಳದೆ ಕಥೆ ತೆಗೆದುಕೊಂಡಿದ್ದಾರೆ ಅಂತ ಕೇಸ್ ಹಾಕಿದ್ದರು. ಹೇಗೋ ಕೆಲವು ಪ್ರತಿ ಉಳಿದವು. ನೂರು ವರ್ಷದ ಮೇಲೆ ಹನುಮಂತನಗರದಲ್ಲಿ ಒಬ್ಬಳು ಹೆದರಿದಳಲ್ಲ, ಅದು ಉಳಿದದ್ದಕ್ಕೆ ನನಗಂತೂ ತುಂಬಾ ಸಂತೋಷ.

ಕಾಮಿಡಿ ದೆವ್ವದ ಸಿನಿಮಾ ಮೂರು ನೋಡಿದೆ, ಅಂಕ ಹಾಕಲಿಲ್ಲ. ನಗು ಬಂದ ಮೇಲೆ ಅಳತೆಯೇ ಬೇರೆ ಬೇಕು. 2004ರ 'ಆಪ್ತಮಿತ್ರ'ಕ್ಕೂ ಹಾಕಲಿಲ್ಲ, ಕಾರಣ ಬೇರೆ. ಆ ಸಿನಿಮಾ ಬಿಡುಗಡೆಯಾಗುವ ಕೆಲವು ತಿಂಗಳ ಮುಂಚೆ ಸೌಂದರ್ಯ ಇದೇ ಬೆಂಗಳೂರಿನ ಜಕ್ಕೂರಿನಿಂದ ಹಾರಿದ ವಿಮಾನ ಬಿದ್ದು ತೀರಿಕೊಂಡರು. ತೆರೆ ಮೇಲೆ ಅವರು ಬಂದ ಕೂಡಲೇ ನನಗೆ ನಾಗವಲ್ಲಿ ಮರೆತುಹೋಗುತ್ತಾಳೆ. ಹೆದರಿಕೆ ಹುಟ್ಟುವುದೇ ಇಲ್ಲ.

ಅಮ್ಮ ಅಮಾವಾಸ್ಯೆಯಂದು ಕೇಳಿದ ಪ್ರಶ್ನೆಗೆ ಬರುತ್ತೇನೆ. ನಾಲ್ಕನೇ ವಾರ ಮಲಯಾಳಂನ 'ಭೂತಕಾಲಂ' ನೋಡಿದೆ, 2022ರದ್ದು, ರಾಹುಲ್ ಸದಾಶಿವನ್ ನಿರ್ದೇಶನ. ಬಾಡಿಗೆ ಮನೆಯಲ್ಲಿ ಅಮ್ಮ, ಮಗ. ರೇವತಿ, ಶೇನ್ ನಿಗಮ್. ಅಜ್ಜಿ ತೀರಿಕೊಂಡಿದ್ದಾರೆ. ಮಗನಿಗೆ ಏನೋ ಕೇಳಿಸುತ್ತದೆ, ಅಮ್ಮ ನಂಬುವುದಿಲ್ಲ. ಒಂದೇ ಮನೆಯಲ್ಲಿದ್ದು ಮಾತಾಡಿಕೊಳ್ಳದ ಇಬ್ಬರ ನಡುವಿನ ಜಾಗದಲ್ಲಿ ಆ ಭಯ ಬೆಳೆಯುತ್ತದೆ. ನಮ್ಮ ಮನೆಯೂ ಬಾಡಿಗೆ ಮನೆ, ನಾವೂ ಇಬ್ಬರೇ. ಅಪ್ಪ ಹೋದ ವರ್ಷ ನಾನು ಮತ್ತು ಅಮ್ಮ ಎಷ್ಟೋ ದಿನ "ಊಟ ಆಯ್ತಾ" ಬಿಟ್ಟು ಬೇರೆ ಮಾತು ಆಡಿರಲಿಲ್ಲ. ಸಿನಿಮಾ ಮುಗಿದ ಮೇಲೆ ಹೋಗಿ ಅಮ್ಮನ ಪಕ್ಕದಲ್ಲಿ ಮಲಗಿದೆ. ಬೆಳಿಗ್ಗೆ ಅವಳಿಗೆ ಕಥೆ ಪೂರ್ತಿ ಹೇಳಿದೆ. ಕಾಫಿ ಆರಿಹೋಯಿತು, ಇಬ್ಬರೂ ಅಪ್ಪನ ಬಗ್ಗೆ ಮಾತಾಡಿದೆವು. ರಾತ್ರಿ ಏಳು, ಬೆಳಿಗ್ಗೆ ಒಂಬತ್ತು. ಸತ್ತವರು ನಮ್ಮವರೇ ಆದಾಗ ಸಿನಿಮಾ ಹೆದರಿಸುವುದರ ಜೊತೆಗೆ ಇನ್ನೇನೋ ಮಾಡುತ್ತದೆ, ಅದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ. ಅಂಚಿನಲ್ಲಿ ಸುಮ್ನೆ 'ಅಮ್ಮ' ಅಂತ ಬರೆದಿಟ್ಟೆ.

31ಕ್ಕೆ ಬೆಳಿಗ್ಗೆ ಎಣ್ಣೆ ಸ್ನಾನ, ರಾತ್ರಿ 1978ರ 'ಹ್ಯಾಲೋವೀನ್'. ಹೊರಗೆ ಪಟಾಕಿ. ಜಾನ್ ಕಾರ್ಪೆಂಟರ್ ತಾನೇ ಮಾಡಿದ ಆ ಪಿಯಾನೋ ಸಂಗೀತದ ಮೇಲೆ ಸರದ ಪಟಾಕಿ ಬಿದ್ದರೆ ಏನು ಉಳಿಯುತ್ತದೆ? ಹೆಡ್‌ಫೋನ್ ಹಾಕಿದರೂ ಆಗಲಿಲ್ಲ. ಮೂವತ್ತು ನಿಮಿಷಕ್ಕೆ ನಿಲ್ಲಿಸಿ ಹೊರಗೆ ಹೋಗಿ ಓನರ್ ಮೊಮ್ಮಗನ ಜೊತೆ ಸುರ್‌ಸುರ್ ಬತ್ತಿ ಹಚ್ಚಿದೆ. ಪೂರ್ತಿ ನೋಡದೆ ಅಂಕ ಹಾಕಬಾರದು, ಅದನ್ನು 27ರಲ್ಲಿ ಸೇರಿಸಿಲ್ಲ.

ಆ ಹುಡುಗನಿಗೆ ಹಬ್ಬಕ್ಕೆ ಮೂರು ಚಕ್ರದ ಸೈಕಲ್ ಕೊಡಿಸಿದ್ದಾರೆ. ನವೆಂಬರ್‌ನ ಒಂದು ಮಧ್ಯಾಹ್ನ, ಭಾನುವಾರ, ಬಿಸಿಲಿತ್ತು, ನಾನು ಬಟ್ಟೆ ಮಡಿಸುತ್ತಿದ್ದೆ. ಮೇಲಿನ ಮನೆಯ ಮೊಸಾಯಿಕ್ ನೆಲದ ಮೇಲೆ ಅವನು ಸೈಕಲ್ ತುಳಿಯುತ್ತಿದ್ದ. ಗಡಗಡ ಅಂತ ಬಂತು, ಚಾಪೆಯೋ ಏನೋ ಹಾಸಿದ್ದರು, ನಿಂತಿತು. ಮತ್ತೆ ಗಡಗಡ. ಮತ್ತೆ ನಿಂತಿತು. ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದುಕೊಂಡು ಮೇಲೆ ನೋಡುತ್ತಾ ಕೂತೆ, ಮುಂದಿನ ಗಡಗಡ ಬರುವವರೆಗೂ. ಆಮೇಲೆ ಎದ್ದುಹೋಗಿ ಪುಸ್ತಕ ತೆಗೆದು 'ದಿ ಶೈನಿಂಗ್' ಮುಂದಿದ್ದ ಎಂಟನ್ನು ಹೊಡೆದುಹಾಕಿ ಹತ್ತು ಅಂತ ಬರೆದೆ.