ಉದ್ದ ರೋಲ್, ಬಿಸಿ ಮಾಂಸ, ಮತ್ತು ನೀರಿನ ಜೊತೆ ನನ್ನ ಗುದ್ದಾಟ

ನಾನು ಮಾಡಿದ ಮೊದಲ ಚೀಸ್‌ಸ್ಟೀಕ್ ಹೊಟ್ಟೆಗೆ ಹೋಗುವ ಮೊದಲೇ ತಟ್ಟೆಗೆ ಬಿತ್ತು. ಚೀಸ್‌ಸ್ಟೀಕ್ ಅಂದರೆ ತೆಳ್ಳಗೆ ಹೆಚ್ಚಿ ಹುರಿದ ಬೀಫ್, ಚೀಸ್ ಎಲ್ಲ ಉದ್ದನೆಯ ಬ್ರೆಡ್ ರೋಲ್‌ಗೆ ತುಂಬಿದ ಸ್ಯಾಂಡ್‌ವಿಚ್. ಮಗಳು ಒಂದು ಸಲ ಕಚ್ಚಿದ್ದಳು ಅಷ್ಟೇ. ರೋಲ್‌ನ ತಳ ನೆಂದು ಹರಿದು, ಒಳಗಿದ್ದ ಮಾಂಸ, ಈರುಳ್ಳಿ, ಚೀಸ್ ಎಲ್ಲ ಜಾರಿ ಹರಡಿಕೊಂಡವು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿ, "ಅಮ್ಮಾ, ಒಂದು ಚಮಚ ಕೊಡು" ಅಂದಳು.

ರುಚಿ ಚೆನ್ನಾಗಿಯೇ ಇತ್ತು. ಅದಕ್ಕೇ ಜಾಸ್ತಿ ಬೇಜಾರಾಯಿತು. ಕೈಯಲ್ಲಿ ಹಿಡಿದು ತಿನ್ನಲಿಕ್ಕಾಗದಿದ್ದರೆ ಅದನ್ನು ಸ್ಯಾಂಡ್‌ವಿಚ್ ಅಂತ ಕರೆಯೋದು ಹೇಗೆ?

ಆಮೇಲೆ ತುಂಬ ಭಾನುವಾರಗಳು ಇದರಲ್ಲೇ ಕಳೆದವು. ಮೆಣಸು ಬದಲಿಸಿದೆ, ಚೀಸ್ ಬದಲಿಸಿದೆ, ದುಬಾರಿ ಮಾಂಸ ತಂದೆ. ಯಾವುದೂ ನಾಟಲಿಲ್ಲ. ಒಂದು ದಿನ ಬಾಣಲೆ ಮುಂದೆ ನಿಂತು ಮಾಂಸದ ಸುತ್ತ ಗುಳುಗುಳು ಕುದಿಯುತ್ತಿದ್ದ ಬೂದು ಬಣ್ಣದ ನೀರನ್ನು ನೋಡಿದಾಗ ತಲೆಗೆ ಹೊಳೆಯಿತು. ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ. ಈರುಳ್ಳಿಯಲ್ಲಂತೂ ಹತ್ತರಲ್ಲಿ ಒಂಬತ್ತು ಪಾಲು. ಇಷ್ಟು ನೀರು ಬಾಣಲೆಯಲ್ಲಿ ಆರದಿದ್ದರೆ ರೋಲ್‌ಗೇ ಹೋಗಬೇಕು, ಅಲ್ವಾ? ಅಲ್ಲಿಂದ ಮುಂದೆ ನಾನು ಮಾಡಿದ ಬದಲಾವಣೆಗಳೆಲ್ಲ ನೀರಿನ ಸುತ್ತಲೇ.

ಮೊದಲು ಮಾಂಸ. ಅಮೆರಿಕದ ಫಿಲಡೆಲ್ಫಿಯಾದ ಚೀಸ್‌ಸ್ಟೀಕ್‌ಗೆ ಬೀಫ್‌ನಲ್ಲಿ ರಿಬ್-ಐ, ಅಂದರೆ ಪಕ್ಕೆಲುಬಿನ ಭಾಗ ಹೆಸರುವಾಸಿ, ಯಾಕಂದರೆ ಮಾಂಸದ ನಡುನಡುವೆ ಕೊಬ್ಬಿನ ಎಳೆ ಇರುತ್ತದೆ. ಅದು ಸಿಗದಿದ್ದರೆ ಹಿಂಗಾಲಿನ ತೊಡೆಯ ಮಾಂಸ ಸಾಕು, ಆದರೆ ಎಷ್ಟು ತೆಳ್ಳಗೆ ಹೆಚ್ಚುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಶುರುವಿನಲ್ಲಿ ನಾನು ಮೆತ್ತಗಿದ್ದ ಮಾಂಸವನ್ನೇ ಹೆಚ್ಚುತ್ತಿದ್ದೆ. ಚಾಕು ಒತ್ತಿದ ಕಡೆ ಮಾಂಸ ಜಾರಿ, ಒಂದು ತುಂಡು ಕಾಗದದಷ್ಟು ತೆಳ್ಳಗೆ, ಇನ್ನೊಂದು ಬೆರಳಿನಷ್ಟು ದಪ್ಪ. ಈಗ ಮಾಂಸವನ್ನು 45 ನಿಮಿಷದಿಂದ ಒಂದು ಗಂಟೆ ಫ್ರೀಜರ್‌ನಲ್ಲಿ ಇಡುತ್ತೇನೆ. ಕಲ್ಲಾಗಬಾರದು. ಬೆರಳಲ್ಲಿ ಒತ್ತಿದರೆ ಹೊರಗೆ ಗಟ್ಟಿ, ಒಳಗೆ ಸ್ವಲ್ಪ ಬಗ್ಗಬೇಕು. ಆ ಹದದಲ್ಲಿ ಉದ್ದನೆಯ ಚಾಕುವಿನಿಂದ 2 ಮಿಲಿಮೀಟರ್ ದಪ್ಪಕ್ಕೆ ಆರಾಮಾಗಿ ಹೆಚ್ಚಬಹುದು. ಮಾಂಸದಲ್ಲಿ ಎಳೆಗಳು ಯಾವ ಕಡೆ ಓಡುತ್ತಿವೆ ನೋಡಿ, ಅದಕ್ಕೆ ಅಡ್ಡಲಾಗಿ ಹೆಚ್ಚಿ. ಉದ್ದಕ್ಕೆ ಹೆಚ್ಚಿದರೆ ಏನಾಗುತ್ತದೆ ಗೊತ್ತಾ? ಒಂದು ತುತ್ತು ಕಚ್ಚಿದರೆ ಇಡೀ ಎಳೆ ರೋಲ್‌ನಿಂದ ಎಳೆದುಕೊಂಡು ಬರುತ್ತದೆ, ಗಲ್ಲದ ಮೇಲೆ ಚೀಸ್ ನೇತಾಡುತ್ತದೆ.

ತರಕಾರಿ ತುರಿಯುವ ಮಣೆಯ ಮೇಲೆ ಮಾಂಸ ಉಜ್ಜುವ ಪ್ರಯೋಗವನ್ನೂ ಮಾಡಿದ್ದೇನೆ. ಮಾಡಬೇಡಿ. ನನ್ನ ಹೆಬ್ಬೆರಳಿನ ಗುರುತು ಇನ್ನೂ ಹೋಗಿಲ್ಲ.

ಬಾಣಲೆಯ ವಿಷಯಕ್ಕೆ ಬರೋಣ. ತಪ್ಪಾಗೋದು ಹೆಚ್ಚಾಗಿ ಇಲ್ಲೇ. ಮಾಂಸ ಕೆಂಪಗಾಗಿ ಆ ಹುರಿದ ಘಮ ಬರಬೇಕಾದರೆ ಅದರ ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ನೀರು 100 ಡಿಗ್ರಿಯಲ್ಲೇ ಕುದಿಯುತ್ತದೆ. ಹಾಗಾಗಿ ಬಾಣಲೆಯಲ್ಲಿ ನೀರು ನಿಂತಿರುವಷ್ಟು ಹೊತ್ತು ಮಾಂಸ ಬೇಯುತ್ತದೆ, ಹುರಿಯೋದಿಲ್ಲ. ನಾನು 600 ಗ್ರಾಂ ಮಾಂಸವನ್ನು ಒಂದೇ ಸಲ ಸುರಿಯುತ್ತಿದ್ದೆ. ಕಬ್ಬಿಣದ ಬಾಣಲೆ ಎಷ್ಟೇ ಕಾದಿರಲಿ, ಅಷ್ಟು ತಣ್ಣನೆಯ ಮಾಂಸ ಬಿದ್ದರೆ ತಣ್ಣಗಾಗಿಬಿಡುತ್ತದೆ.

ಈಗ ಒಂದು ಸಲಕ್ಕೆ 150 ಗ್ರಾಂ ಮಾತ್ರ, ಅಂದರೆ ಒಂದು ರೋಲ್‌ಗೆ ಬೇಕಾದಷ್ಟು. ಅಗಲವಾದ ಕಬ್ಬಿಣದ ಬಾಣಲೆಯನ್ನು ಐದು ನಿಮಿಷ ಜೋರು ಉರಿಯಲ್ಲಿ ಕಾಯಿಸುತ್ತೇನೆ. ಸ್ವಲ್ಪ ಎಣ್ಣೆ. ಹೊಗೆ ಏಳಲು ಶುರುವಾದಾಗ ಮಾಂಸವನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಒಂದು ನಿಮಿಷ ಕೈ ಹಚ್ಚುವುದಿಲ್ಲ. ಆ ಒಂದು ನಿಮಿಷ ಸುಮ್ನೆ ನಿಲ್ಲೋದು ಸುಲಭ ಅಲ್ಲ, ಸಟ್ಟುಗ ತಾನಾಗಿ ಕೈಗೆ ಬರುತ್ತದೆ. ಕಿವಿ ಕೊಡಿ. ಚುರ್ರ್ ಅನ್ನುವ ಒಣ ಸದ್ದು ಇದ್ದರೆ ಸರಿ ನಡೆಯುತ್ತಿದೆ. ಗುಳುಗುಳು ಶುರುವಾಯಿತೋ, ಮಾಂಸ ಜಾಸ್ತಿಯಾಯಿತು ಅಂತಲೇ ಅರ್ಥ, ಅರ್ಧ ಹೊರಗೆ ತೆಗೆಯಿರಿ. ಉಪ್ಪು, ಮೆಣಸಿನಪುಡಿ ಮಾಂಸ ಬಾಣಲೆಗೆ ಬಿದ್ದ ಮೇಲೆ. ಮೊದಲೇ ಉಪ್ಪು ಹಚ್ಚಿಟ್ಟರೆ ತೆಳ್ಳನೆಯ ಹೋಳುಗಳು ನೀರು ಬಿಟ್ಟುಕೊಂಡು ಕೂತಿರುತ್ತವೆ. ಕಿಟಕಿ ತೆಗೆದಿಡಿ, ಹೊಗೆ ಬಂದೇ ಬರುತ್ತದೆ.

ತಳ ಕೆಂಪಾದ ಮೇಲೆ ಮಗುಚಿ, ಎರಡು ಸಟ್ಟುಗದಲ್ಲಿ ಕೊಚ್ಚುತ್ತೇನೆ. ಕೊಚ್ಚಬೇಕೋ ಹೋಳಾಗಿಯೇ ಬಿಡಬೇಕೋ ಅನ್ನೋದು ಫಿಲಡೆಲ್ಫಿಯಾದ ಅಂಗಡಿಗಳಲ್ಲೇ ತೀರ್ಮಾನವಾಗದ ಜಗಳ. ನನಗೆ ಒರಟಾಗಿ ಕೊಚ್ಚಿದ್ದು ಇಷ್ಟ. ತೀರಾ ಪುಡಿ ಮಾಡಿದರೆ ತುತ್ತಿನಲ್ಲಿ ಮಾಂಸ ಸಿಕ್ಕಿದ್ದೇ ತಿಳಿಯುವುದಿಲ್ಲ.

ಈರುಳ್ಳಿಯನ್ನು ಮಾಂಸದ ಜೊತೆ ಹಾಕಬೇಡಿ. ಮೊದಲೇ, ಬೇರೆಯಾಗಿ, ಸಣ್ಣ ಉರಿಯಲ್ಲಿ 20 ನಿಮಿಷ. ಒಂದು ಬಾಣಲೆ ತುಂಬ ಇದ್ದದ್ದು ಹಿಡಿಯಷ್ಟಾಗುತ್ತದೆ. ಹೋದದ್ದೆಲ್ಲ ರೋಲ್‌ಗೆ ಹೋಗಬೇಕಿದ್ದ ನೀರು.

ಇನ್ನು ಚೀಸ್. ಪ್ಯಾಟ್ ಒಲಿವಿಯೇರಿ ಅನ್ನುವವರು 1930ರಲ್ಲಿ ದಕ್ಷಿಣ ಫಿಲಡೆಲ್ಫಿಯಾದ ತಮ್ಮ ಹಾಟ್ ಡಾಗ್ ಗಾಡಿಯಲ್ಲಿ ಮೊದಲು ಹೀಗೆ ಮಾಂಸ ಹುರಿದು ರೋಲ್‌ಗೆ ತುಂಬಿದಾಗ ಅದರಲ್ಲಿ ಚೀಸ್ ಇರಲೇ ಇಲ್ಲ, ಅದು ಆಮೇಲೆ ಸೇರಿದ್ದು. ಅದು ತಿಳಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು, ಚೀಸ್ ಕಡಿಮೆ ಮಾಡಿದೆ. ನಾನು ಬಳಸೋದು ಪ್ರೊವೊಲೋನ್ ಅನ್ನುವ ಇಟಲಿಯ ಚೀಸ್, ಒಂದು ರೋಲ್‌ಗೆ ಎರಡು ತೆಳು ಹಾಳೆ. ಹಳೆಯ ಚೆಡ್ಡಾರ್ ಹಾಕಿ ಕೈ ಸುಟ್ಟುಕೊಂಡಿದ್ದೇನೆ. ಕಾವು ಜಾಸ್ತಿಯಾದರೆ ಅದು ಒಡೆದು, ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ರಬ್ಬರಿನಂಥ ಗಂಟು. ಚೆಡ್ಡಾರೇ ಬೇಕು ಅನ್ನುವವರು 200 ಗ್ರಾಂ ಚೀಸ್‌ಗೆ ಅರ್ಧ ಲೋಟ ಬಿಸಿ ಹಾಲು, ಒಂದು ಚಮಚ ಸೋಡಿಯಂ ಸಿಟ್ರೇಟ್ ಹಾಕಿ ಕದಡಿ, ನುಣ್ಣನೆಯ ಸಾಸ್ ಆಗುತ್ತದೆ. ಆ ಉಪ್ಪು ಕೊಬ್ಬನ್ನೂ ನೀರನ್ನೂ ಬೇರೆಯಾಗಲು ಬಿಡುವುದಿಲ್ಲ.

ಜೋಡಿಸುವಾಗ ಒಂದು ಉಪಾಯ ಇದೆ, ಗಾಡಿ ಅಂಗಡಿಯವರು ಮಾಡುವಂಥದ್ದು. ಬಾಣಲೆಯಲ್ಲೇ ಮಾಂಸವನ್ನು ರೋಲ್‌ನಷ್ಟು ಉದ್ದಕ್ಕೆ ಸಾಲಾಗಿ ಕೂಡಿಸಿ, ಮೇಲೆ ಈರುಳ್ಳಿ, ಅದರ ಮೇಲೆ ಚೀಸ್ ಇಟ್ಟು ಉರಿ ಆರಿಸಿ. ತೆರೆದ ರೋಲ್ ಅನ್ನು ಅದರ ಮೇಲೆ ಬೋರಲು ಮುಚ್ಚಿ. ಅರ್ಧ ನಿಮಿಷ ಬಿಡಿ. ಆಮೇಲೆ ಅಗಲ ಸಟ್ಟುಗವನ್ನು ಅಡಿಗೆ ತೂರಿಸಿ, ಇನ್ನೊಂದು ಕೈಯನ್ನು ರೋಲ್ ಮೇಲೆ ಇಟ್ಟು ಒಮ್ಮೆಗೇ ಮಗುಚಿ. ಚೀಸ್ ರೋಲ್‌ಗೆ ಅಂಟಿಕೊಂಡು ತಳಕ್ಕೆ ಬರುತ್ತದೆ, ಮಾಂಸ ಮೇಲೆ. ನನಗೆ ಆಮೇಲೆ ಗೊತ್ತಾಯಿತು, ಈ ಚೀಸ್‌ನ ಪದರವೇ ಕೊಬ್ಬಿನ ಗೋಡೆಯಾಗಿ ರಸವನ್ನು ತಡೆಯುತ್ತದೆ. ಮೊದಲು ನಾನು ಮಾಂಸದ ಮೇಲೆ ಚೀಸ್ ಹಾಕುತ್ತಿದ್ದೆ, ಅಂದರೆ ಸೋರುವ ಕಡೆ ಬಿಟ್ಟು ಸೋರದ ಕಡೆ ಗೋಡೆ ಕಟ್ಟುತ್ತಿದ್ದೆ.

ಇಷ್ಟೆಲ್ಲ ಮಾಡಿದರೂ ರೋಲ್ ಕೈಕೊಟ್ಟರೆ ಮುಗಿಯಿತು. ಬಗೆಟ್ ಅನ್ನುವ ಉದ್ದನೆಯ ಫ್ರೆಂಚ್ ಬ್ರೆಡ್‌ನಲ್ಲಿ ಮಾಡಿ ನೋಡಿದೆ. ಮೇಲಿನ ಪದರ ಗಟ್ಟಿ, ಕಚ್ಚಿದಾಗ ಅಂಗುಳು ಕೀರಿತು, ಒತ್ತಡಕ್ಕೆ ಒಳಗಿನ ಮಾಂಸ ಹಿಂದಿನಿಂದ ಹೊರಗೆ ಬಿತ್ತು. ಹಾಟ್ ಡಾಗ್ ಬನ್ ಬಾಯಿಗೆ ಬರುವಷ್ಟರಲ್ಲಿ ಮುದ್ದೆ. ಬೇಕಾದದ್ದು ಇವೆರಡರ ನಡುವಿನದ್ದು: ತೆಳ್ಳನೆಯ ಹೊರಪದರ, ಎಳೆದರೆ ಹಿಗ್ಗುವ ಒಳಭಾಗ. ಕೊನೆಗೆ ಮನೆಯಲ್ಲೇ ಮಾಡಲು ಕೂತೆ.

ನನ್ನ ಅಳತೆ: 500 ಗ್ರಾಂ ಬ್ರೆಡ್ ಹಿಟ್ಟು (ಪ್ರೋಟೀನ್ ಜಾಸ್ತಿ ಇರುವ ಮೈದಾ), 310 ಮಿಲಿ ಉಗುರುಬೆಚ್ಚಗಿನ ನೀರು, 7 ಗ್ರಾಂ ಒಣ ಈಸ್ಟ್, 10 ಗ್ರಾಂ ಉಪ್ಪು, 15 ಗ್ರಾಂ ಸಕ್ಕರೆ, 20 ಗ್ರಾಂ ಎಣ್ಣೆ. ಇದರಲ್ಲಿ ಆರು ರೋಲ್, ಒಂದೊಂದಕ್ಕೆ ಸುಮಾರು 140 ಗ್ರಾಂ ನಾದಿದ ಹಿಟ್ಟು. ಕೈಯಲ್ಲಾದರೆ 12 ನಿಮಿಷ ನಾದಬೇಕು. ಸಣ್ಣ ತುಣುಕನ್ನು ಬೆರಳುಗಳಲ್ಲಿ ಹಿಗ್ಗಿಸಿದರೆ ಹರಿಯದೆ ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಒಂದು ಗಂಟೆ ಮುಚ್ಚಿಟ್ಟರೆ ಎರಡರಷ್ಟು ಉಬ್ಬುತ್ತದೆ.

ಆಕಾರ ಕೊಡೋದರಲ್ಲಿ ನಾನು ತುಂಬ ಸಲ ಸೋತಿದ್ದೇನೆ. ಉಂಡೆಯನ್ನು ಹಾಗೇ ಹೊಸೆದು ಉದ್ದ ಮಾಡುತ್ತಿದ್ದೆ. ನಡುವೆ ದಪ್ಪ, ತುದಿ ಇಲಿಬಾಲ. ಆ ಬಾಲದಲ್ಲಿ ಮಾಂಸ ಕೂರುವುದಿಲ್ಲ, ಮೊದಲ ತುತ್ತೂ ಕೊನೆಯ ತುತ್ತೂ ಬರೀ ಬ್ರೆಡ್. ಈ ತಲೆನೋವು ಹಳೆಯದಂತೆ. 1929ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಟ್ರಾಮ್ ಕೆಲಸಗಾರರು ಮುಷ್ಕರ ಹೂಡಿದಾಗ ಅವರಿಗೆ ಬಿಟ್ಟಿಯಾಗಿ ಸ್ಯಾಂಡ್‌ವಿಚ್ ಕೊಟ್ಟ ಮಾರ್ಟಿನ್ ಸಹೋದರರೂ ಇದೇ ಕಾರಣಕ್ಕೆ ಬೇಕರಿಯವರಿಂದ ತುದಿಯವರೆಗೂ ಒಂದೇ ದಪ್ಪವಿರುವ ಉದ್ದ ಬ್ರೆಡ್ ಮಾಡಿಸಿಕೊಂಡರು. ಈಗ ಪೋ ಬಾಯ್ ಅನ್ನುವ ಸ್ಯಾಂಡ್‌ವಿಚ್ ಅದರದ್ದೇ ಪೀಳಿಗೆ. ಅದನ್ನು ಓದಿದ ಮೇಲೆ ನಾನು ಹಿಟ್ಟನ್ನು ಮೊದಲು ಆಯತಾಕಾರವಾಗಿ ತಟ್ಟಿ, ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತುತ್ತೇನೆ. ಪ್ರತಿ ಸುತ್ತಿಗೂ ಬೆರಳಲ್ಲಿ ಒತ್ತಬೇಕು. ಅಂಚನ್ನು ಚಿವುಟಿ ಮುಚ್ಚಿ, ಆ ಅಂಚು ಕೆಳಗೆ ಬರುವಂತೆ ಇಡಬೇಕು, ಇಲ್ಲದಿದ್ದರೆ ಓವನ್‌ನಲ್ಲಿ ಬಾಯಿ ಬಿಡುತ್ತದೆ. ಉದ್ದ 20 ಸೆಂಟಿಮೀಟರ್. ಇನ್ನು 40 ನಿಮಿಷ ಉಬ್ಬಲು ಬಿಟ್ಟು, ಮೇಲೆ ನೀರು ಚಿಮುಕಿಸಿ, 210 ಡಿಗ್ರಿಯಲ್ಲಿ 16ರಿಂದ 18 ನಿಮಿಷ.

ಪೂರ್ತಿ ಆರುವವರೆಗೆ ಕತ್ತರಿಸಬೇಡಿ. ಬಿಸಿ ರೋಲ್ ಒಳಗೆ ಇನ್ನೂ ಹಬೆ ಇರುತ್ತದೆ, ಚಾಕುವಿಗೆ ಅಂಟಿಕೊಳ್ಳುತ್ತದೆ. ಕತ್ತರಿಸುವಾಗ ಒಂದು ಬದಿಯಲ್ಲಿ ಬೆರಳಿನಷ್ಟು ದಪ್ಪ ಉಳಿಸಿ, ಪುಸ್ತಕದ ಹಾಗೆ ತೆರೆದುಕೊಳ್ಳಬೇಕು. ಒಳಮೈಗೆ ಬೆಣ್ಣೆ ಸವರಿ ಬಾಣಲೆಯಲ್ಲಿ ಹೊಂಬಣ್ಣ ಬರುವವರೆಗೆ ಒತ್ತಿ. ನೀರಿಗೆ ಇದೂ ಒಂದು ಗೋಡೆ.

ತಮ್ಮ ಒಂದು ಸಲ ಊಟಕ್ಕೆ ಬರ್ತೀನಿ ಅಂದವನು ಅರ್ಧ ಗಂಟೆ ತಡವಾಗಿ ಬಂದ. ಅವನದ್ದನ್ನು ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದೆ. ಬಿಚ್ಚಿ ನೋಡಿ, "ಅಕ್ಕಾ, ಇದನ್ನ ಹಿಂಡಿದ್ರೆ ಒಂದು ಲೋಟ ರಸ ಬರತ್ತೆ ಕಣೇ" ಅಂದ. ಫಾಯಿಲ್ ಹಬೆಯನ್ನು ಒಂದಿಷ್ಟೂ ಬಿಡುವುದಿಲ್ಲ, ಅದೆಲ್ಲ ತಿರುಗಿ ರೋಲ್‌ಗೇ ಇಳಿಯುತ್ತದೆ. ಬಟರ್ ಪೇಪರ್‌ನಲ್ಲಿ ಎರಡು ನಿಮಿಷ ಸುತ್ತಿಡೋದು ಒಳ್ಳೆಯದು, ರೋಲ್ ಸ್ವಲ್ಪ ಮೆತ್ತಗಾಗಿ ಎಲ್ಲ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಎರಡು ನಿಮಿಷ ಸಾಕು. ಎಲ್ಲರಿಗೂ ಒಟ್ಟಿಗೆ ಬಡಿಸುವ ಆಸೆಯನ್ನೂ ಬಿಟ್ಟಿದ್ದೇನೆ. ಒಂದೊಂದೇ ಮಾಡಿದ ಹಾಗೆ ಬಡಿಸುತ್ತೇನೆ, ಮೊದಲು ಬಂದವರು ಮೊದಲು ತಿನ್ನಲಿ.

ಇಷ್ಟು ದಿನ ನೀರಿನ ಜೊತೆ ಜಗಳ ಆಡಿದವಳು ಈಗ ಬೇಕಂತಲೇ ನೆನೆಸುವುದನ್ನೂ ಕಲಿತಿದ್ದೇನೆ. ಶಿಕಾಗೋದ ಇಟಾಲಿಯನ್ ಬೀಫ್ ಅಂದರೆ ಅದೇ. ತೆಳ್ಳಗೆ ಹೆಚ್ಚಿದ ರೋಸ್ಟ್, ಅದರದ್ದೇ ರಸ, ಮೇಲೆ ಜಾರ್ದಿನಿಯೇರಾ ಅನ್ನುವ ತರಕಾರಿ ಉಪ್ಪಿನಕಾಯಿ, ಕೇಳಿದವರಿಗೆ ಇಡೀ ಸ್ಯಾಂಡ್‌ವಿಚ್ ರಸದಲ್ಲಿ ಮುಳುಗಿಸಿ ಕೊಡುತ್ತಾರೆ. ಲಾಸ್ ಏಂಜಲೀಸ್‌ನ ಫ್ರೆಂಚ್ ಡಿಪ್ ಇದರ ನೆಂಟ. ಅಲ್ಲಿ 1908ರಲ್ಲಿ ಶುರುವಾದ ಎರಡು ಅಂಗಡಿಗಳು ನಾವೇ ಮೊದಲು ಅಂತ ಹೇಳಿಕೊಂಡಿದ್ದವು.

ನಾನು ಮಾಡೋದು ಹೀಗೆ. ಒಂದೂವರೆ ಕಿಲೋ ತೊಡೆಯ ಮಾಂಸಕ್ಕೆ ಉಪ್ಪು, ಬೆಳ್ಳುಳ್ಳಿ, ಒರೆಗಾನೊ, ಕರಿಮೆಣಸು ಹಚ್ಚಿ, ಎರಡು ಲೋಟ ಸ್ಟಾಕ್ (ಮೂಳೆ ಬೇಯಿಸಿ ಸೋಸಿದ ನೀರು) ತಳದಲ್ಲಿ ಹಾಕಿ 150 ಡಿಗ್ರಿ ಓವನ್‌ಗೆ. ಒಳಗಿನ ಕಾವು 60 ಡಿಗ್ರಿ ಮುಟ್ಟಿದಾಗ ಹೊರಗೆ ತೆಗೆಯುತ್ತೇನೆ, ತೆಗೆದ ಮೇಲೂ ಇನ್ನು ಮೂರು ನಾಲ್ಕು ಡಿಗ್ರಿ ತಾನಾಗಿ ಏರುತ್ತದೆ. ಥರ್ಮಾಮೀಟರ್ ಇಲ್ಲದೆ ಇದನ್ನು ಅಂದಾಜಿನಲ್ಲಿ ಮಾಡಿದ ದಿನ ಮಾಂಸ ಚಪ್ಪಲಿಯಾಗಿತ್ತು. ರಾತ್ರಿ ಫ್ರಿಜ್. ಮರುದಿನ ತಣ್ಣಗೆ ಗಟ್ಟಿಯಾದ ಮಾಂಸವನ್ನು ಆದಷ್ಟು ತೆಳ್ಳಗೆ ಹೆಚ್ಚಿ, ಸೋಸಿದ ರಸವನ್ನು ಚೆನ್ನಾಗಿ ಕುದಿಸಿ, ಉರಿ ಸಣ್ಣ ಮಾಡಿ, ಹೋಳುಗಳನ್ನು ಒಂದು ನಿಮಿಷ ಮಾತ್ರ ಅದ್ದಿ ತೆಗೆಯಬೇಕು. ರಸದಲ್ಲೇ ಕುದಿಯಲು ಬಿಟ್ಟರೆ ಮುದುರಿ ಗಟ್ಟಿಯಾಗುತ್ತದೆ.

ಇದಕ್ಕೆ ನಿನ್ನೆಯ ರೋಲ್ ಬೇಕು, ಸ್ವಲ್ಪ ಒಣಗಿದ್ದು. ಬೆಣ್ಣೆ ಬೇಡ, ಚೀಸ್ ಬೇಡ, ಗೋಡೆ ಕಟ್ಟುವ ಕೆಲಸವೇ ಇಲ್ಲ. ತುಂಬಿದ ರೋಲ್ ಅನ್ನು ಇಕ್ಕಳದಲ್ಲಿ ಹಿಡಿದು, ರಸದಲ್ಲಿ ಅದ್ದಿ, ಒಂದು ಎರಡು ಎಣಿಸಿ ಎತ್ತಿಬಿಡಬೇಕು. ಮೂರು ಅಂದರೆ ಇಕ್ಕಳದಲ್ಲಿ ಅರ್ಧ, ಪಾತ್ರೆಯಲ್ಲಿ ಅರ್ಧ. ಆರಿದ ದಿನವೇ ಫ್ರೀಜರ್‌ಗೆ ಹಾಕಿದ ರೋಲ್ ಕೂಡ ಆಗುತ್ತದೆ. ಹೊರಗೆ ಇಟ್ಟು ಕರಗಿಸಿ, 180 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿದರೆ ಸಾಕು. ನಾನು ಯಾವಾಗಲೂ ಆರು ಮಾಡಿ ಎರಡನ್ನು ಹಾಗೆ ತೆಗೆದಿಡುತ್ತೇನೆ.